ಕೇದಾರದ ಹಾದಿಗೆ ಬಟ್ಟೆಬರೆ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ಅನೇಕ ಕುಟುಂಬಗಳಲ್ಲಿ ಕೇದಾರನಾಥ ಯಾತ್ರೆಯ ಮಾತು ಏಳುತ್ತದೆ. ಅಲ್ಲಿನ ರಾವಲರು ವೀರಶೈವ ಜಂಗಮ ಪರಂಪರೆಯವರಾದುದರಿಂದ ಆ ಕ್ಷೇತ್ರ ನಮ್ಮ ಮನಸ್ಸಿಗೆ ಹತ್ತಿರವಾದುದು. ಕಾಲಿಗೆ ಮಾತ್ರ ದೂರ. 2013ರ ಪ್ರವಾಹದ ತರುವಾಯ ನಿರ್ಮಿಸಿದ ದಾರಿಯಲ್ಲಿ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ನಡೆದು, ಸುಮಾರು 1,600 ಮೀಟರ್ ಮೇಲೇರಬೇಕು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಬುಡದಲ್ಲಿ ಹಿತವೆನಿಸಿದ ಉಡುಪು ತುದಿಯಲ್ಲಿ ಸಾಲದು.

ಕೆಲವು ವರ್ಷಗಳ ಹಿಂದೆ ನಾವು ತೀರ್ಥರೂಪರೊಡನೆ ಹೊರಟಾಗ ಉಣ್ಣೆಯ ಬಟ್ಟೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅವನ್ನೆಲ್ಲ ದೊಡ್ಡ ಚೀಲದಲ್ಲಿ ತುಂಬಿ, ಹೊರೆಯಾಳಿನ ಸಂಗಡ ಮುಂದೆ ಕಳುಹಿಸಿದ್ದೆವು. ಲಿಂಚೋಲಿ ದಾಟಿದ ಮೇಲೆ ಮಳೆ ಹಿಡಿಯಿತು. ತಂದೆಯವರ ಹತ್ತಿಯ ಧೋತರ, ಅಂಗಿ ತೊಯ್ದು ಮೈಗಂಟಿದವು. ಮೈ ನಡುಗಿ ಅವರ ಮಾತು ತೊದಲತೊಡಗಿದಾಗ ನಮ್ಮ ಜೀವವೇ ಹಾರಿದಂತಾಯಿತು. ದಾರಿಬದಿಯ ಚಹದಂಗಡಿಯಾತ ತೊಯ್ದ ಬಟ್ಟೆ ಬಿಚ್ಚಿಸಿ, ಒಣ ಕಂಬಳಿ ಹೊದಿಸಿ, ಬಿಸಿ ಚಹ ಕುಡಿಸಿ ಉಪಕರಿಸಿದನು. ಬೆಚ್ಚನೆಯ ಬಟ್ಟೆ ಇದ್ದರಷ್ಟೇ ಸಾಲದು, ಅದು ನಮ್ಮ ಬೆನ್ನ ಮೇಲೆಯೇ ಇರಬೇಕೆಂಬುದನ್ನು ನಾವು ಅಂದು ಕಲಿತೆವು.

ಹತ್ತಿ ನೀರನ್ನು ಹೀರಿ, ಬೇಗ ಒಣಗದೆ, ಮೈಯ ಶಾಖವನ್ನು ಸೆಳೆಯುತ್ತದೆ. ಉಣ್ಣೆಯಾದರೋ ತೊಯ್ದರೂ ಕೊಂಚ ಬೆಚ್ಚಗಿಡುತ್ತದೆ. ಆದಕಾರಣ ಮೈಗೆ ತಾಗುವಂತೆ ಬೇಗ ಒಣಗುವ ಪಾಲಿಯೆಸ್ಟರ್ ಬನಿಯನ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿಮಳೆ ತಡೆಯುವ ರೇನ್‌ಕೋಟ್, ಹೀಗೆ ಮೂರು ಪದರದ ಉಡುಪು ಲೇಸು. ಏರುವಾಗ ಬೆವರಿದರೆ ಒಂದನ್ನು ತೆಗೆಯಬೇಕು. ವಿಶ್ರಮಿಸಲು ನಿಂತೊಡನೆ ಮತ್ತೆ ತೊಡಬೇಕು. ಹೆಣ್ಣುಮಕ್ಕಳಿಗೆ ಈ ಏರಿನಲ್ಲಿ ಸೀರೆಗಿಂತ ಸಲ್ವಾರ್ ಕಮೀಜು ಅನುಕೂಲ. ಹೊಸ ಬೂಟುಗಳನ್ನು ಎರಡು ಮೂರು ವಾರ ಮೊದಲೇ ಧರಿಸಿ ನಡೆದು ರೂಢಿಸಿಕೊಳ್ಳದಿದ್ದರೆ ಹಾದಿಯಲ್ಲಿ ಬೊಕ್ಕೆ ತಪ್ಪಿದ್ದಲ್ಲ.

ಪ್ರತಿಯೊಬ್ಬರ ಹೆಗಲ ಚೀಲದಲ್ಲಿಯೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಕಾಲುಚೀಲ, ಟೋಪಿ, ಕೈಗವಸು, ಟಾರ್ಚು, ನೀರು, ನಿತ್ಯದ ಔಷಧಿ, ನಾಲ್ಕು ಶೇಂಗಾ ಉಂಡೆ ಇರಲಿ. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಒಳಜೇಬಿನಲ್ಲಿಡಬೇಕು. ಎತ್ತರದಲ್ಲಿ ತಲೆನೋವು, ವಾಂತಿ ಹೆಚ್ಚಿದರೆ ಯಾವ ಉಡುಪೂ ಕಾಯದು. ತಡಮಾಡದೆ ಕೆಳಗಿಳಿಯುವುದೇ ವಿವೇಕ.

ಉಳಿದ ಸಾಮಾನನ್ನು ಕೆಳಗಿನ ವಸತಿಗೃಹದಲ್ಲಿಯೇ ಬಿಡಿರಿ. ಹೊರಡುವ ಮುನ್ನ ಮನೆಯ ಹಿರಿಯರ ಚೀಲವನ್ನು ನೀವೇ ಹೆಗಲಿಗೇರಿಸಿ ನೋಡಿರಿ. ನಿಮಗೆ ಭಾರವೆನಿಸಿದುದು ಅವರಿಗೂ ಭಾರವೇ.