ಮೊದಲ ಆಟ ಕಿರಿದಾಗಿರಲಿ

ಆಟವೆಂದರೆ ಕಣ್ಣಿಗೆ ಸಂಬಂಧಿಸಿದುದು ಎಂಬ ಭಾವನೆ ಬಹುಮಂದಿಯಲ್ಲಿದೆ. ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗೆಳೆಯರ ದನಿಯ ಜಾಡು ಹಿಡಿದು ಅವರನ್ನು ಮುಟ್ಟುವ ಆಟ ಕನ್ನಡ ನಾಡಿನ ಮಕ್ಕಳಿಗೆ ಹೊಸದೇನಲ್ಲ. ಇದೇ ರೀತಿಯಲ್ಲಿ, ಚಿತ್ರದ ನೆರವಿಲ್ಲದೆ ಕೇವಲ ಸದ್ದಿನಿಂದ ಗಣಕಯಂತ್ರದಲ್ಲಿ ಆಡುವ ಆಟಗಳಿಗೆ ಧ್ವನಿ ಆಟಗಳೆಂದು ಹೆಸರು. ಜಪಾನಿನ ಕೆಂಜಿ ಎನೊ ಎಂಬವರು ದೃಷ್ಟಿಹೀನ ಅಭಿಮಾನಿಗಳನ್ನು ಕಂಡು, ಅವರೂ ಇತರರೂ ಸಮಾನವಾಗಿ ಆಡಲೆಂದು 1997ರಲ್ಲಿ ಇಂಥ ಆಟವೊಂದನ್ನು ಹೊರತಂದರು.

ಈ ವಿದ್ಯೆಯನ್ನು ಕಲಿಯುವವರು ಮೊದಲು ಎಂಥ ಆಟವನ್ನು ರಚಿಸಬೇಕು? ಮದ್ದೂರಿನ ವಿದ್ಯಾರ್ಥಿನಿಯೊಬ್ಬಳಿಗೆ ಈ ಆಸೆ ಹುಟ್ಟಿತೆಂದು ಇಟ್ಟುಕೊಳ್ಳಬಹುದು. ಬೆಂಗಳೂರಿನಿಂದ ಮೈಸೂರಿನವರೆಗಿನ ಇಡೀ ರೈಲು ಪ್ರಯಾಣವನ್ನೇ ಆಟವಾಗಿಸಲು ಅವಳು ಹೊರಡುತ್ತಾಳೆ. ಪ್ರತಿಯೊಂದು ನಿಲ್ದಾಣದ ಗದ್ದಲ, ಶಿಂಷಾ ನದಿಯ ಸೇತುವೆಯ ಸದ್ದು, ಪ್ರಯಾಣಿಕರ ಮಾತು ಎಲ್ಲವೂ ಅವಳಿಗೆ ಬೇಕು. ಸದ್ದುಗಳನ್ನು ಕೂಡಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಒಂದು ದೋಷವನ್ನು ತಿದ್ದಿದರೆ ಇನ್ನೊಂದು ತಲೆಯೆತ್ತುತ್ತದೆ. ಕೊನೆಗೆ ಉತ್ಸಾಹ ಬತ್ತಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಅದರ ಬದಲು ಮದ್ದೂರು ವಡೆ ಮಾರುವವನ ಒಂದೇ ಕೂಗನ್ನು ಅವಳು ಆರಿಸಿಕೊಳ್ಳಲಿ. ಕೂಗು ಎಡದಿಂದ ಬಂದರೆ ಎಡಗಡೆಯ ಕೀಲಿಯನ್ನು, ಬಲದಿಂದ ಬಂದರೆ ಬಲಗಡೆಯ ಕೀಲಿಯನ್ನು ಒತ್ತಬೇಕು. ಹತ್ತು ಕೂಗುಗಳು ಮುಗಿದ ಮೇಲೆ ಗಳಿಸಿದ ಅಂಕವನ್ನು ಯಂತ್ರ ನುಡಿದು ತಿಳಿಸಬೇಕು. ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಸದ್ದನ್ನು ಹೆಚ್ಚಿಸಿ ಇನ್ನೊಂದಕ್ಕೆ ತಗ್ಗಿಸಿದರೆ ಎಡಬಲಗಳು ತಿಳಿಯುತ್ತವೆ. ಹಿಂದುಮುಂದುಗಳ ಭೇದ ಅಷ್ಟು ಸುಲಭವಲ್ಲ. ನೇರ ಎದುರಿನ ಸದ್ದೂ ಬೆನ್ನ ಹಿಂದಿನ ಸದ್ದೂ ಎರಡು ಕಿವಿಗಳನ್ನು ಸಮವಾಗಿಯೇ ಮುಟ್ಟುತ್ತವೆ. ಆ ತೊಡಕನ್ನು ಎರಡನೆಯ ಆಟಕ್ಕೆ ಬಿಡುವುದೇ ಲೇಸು.

ಇಷ್ಟು ಸಣ್ಣ ಆಟದಲ್ಲಿ ಹೆಚ್ಚುಗಾರಿಕೆಯೇನು ಎಂದು ಕೆಲವರು ಕೇಳಬಹುದು. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಗೆ ಹೊಸದಾಗಿ ಸೇರಿದ ಅಲನ್ ಆಲ್ಕಾರ್ನ್ ಅವರಿಗೆ ಅಭ್ಯಾಸಕ್ಕೆಂದು ಒಂದು ಸರಳ ಕೆಲಸವನ್ನು ಒಪ್ಪಿಸಲಾಯಿತು. ಒಂದು ಚೆಂಡು, ಎರಡು ದಾಂಡು, ಅಂಕಗಳ ಲೆಕ್ಕ, ಅದರಲ್ಲಿದ್ದುದು ಇಷ್ಟೇ. ಅದೇ 'ಪಾಂಗ್' ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಎಲ್ಲ ಅಭ್ಯಾಸಗಳಿಗೂ ಇಂಥ ಕೀರ್ತಿ ದೊರೆಯಲಾರದು, ನಿಜ. ಆದರೆ ಆರಂಭ, ನಿಯಮ, ಸೋಲುಗೆಲುವು, ಮುಕ್ತಾಯ ಇವೆಲ್ಲವನ್ನೂ ಸಣ್ಣ ಆಟವೇ ಕಲಿಸುತ್ತದೆ.

ಎಲ್ಲಕ್ಕಿಂತ ಮಿಗಿಲಾದ ಕಾರಣ ಇನ್ನೊಂದಿದೆ. ಮುಗಿದ ಆಟವನ್ನು ದೃಷ್ಟಿಯಿಲ್ಲದ ಗೆಳತಿಯ ಕೈಗೆ ಕೊಡಬಹುದು. ಪರದೆಯ ಮೇಲಿನ ಗುಂಡಿಯನ್ನು ನೋಡಿ ಒತ್ತಿದರೆ ಮಾತ್ರ ಆಟ ಆರಂಭವಾಗುವುದಾದರೆ, ಅವಳ ಪಾಲಿಗೆ ಬಾಗಿಲು ಮೊದಲೇ ಮುಚ್ಚಿದಂತೆ. ರಚಿಸಿದವಳ ಕಣ್ಣಿಗೆ ಬೀಳದ ಈ ಕೊರತೆಯನ್ನು ಆಡುವವಳು ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡುತ್ತಾಳೆ. ಅರ್ಧಕ್ಕೆ ನಿಂತ ಮಹಾಪ್ರಯಾಣವನ್ನು ಯಾರೂ ಆಡಲಾರರು. ಅದರಿಂದ ಯಾರೂ ಕಲಿಯಲಾರರು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಆಸೆಯನ್ನು ಅಡಗಿಸಲು ಹುಟ್ಟಿದ್ದಲ್ಲ. ಕಾಲು ಚಾಚುವುದಕ್ಕೆ ಮುನ್ನ ಹಾಸಿಗೆಯನ್ನು ನೇಯ್ದುಕೊಳ್ಳಬೇಕೆಂಬ ಎಚ್ಚರವೂ ಅದರಲ್ಲಿದೆ. ಒಂದು ಕೂಗಿನ ಆಟವನ್ನು ಮುಗಿಸಿದವಳು ಇಡೀ ರೈಲನ್ನು ಓಡಿಸುವ ದಿನ ದೂರವಿಲ್ಲ.