ಗುಳ್ಳೆಯ ಗಾತ್ರವನ್ನು ನಿರ್ಧರಿಸುವವರು ಯಾರು?

ಕಳೆದ ಮಳೆಗಾಲದಲ್ಲಿ ಹವಾಮಾನ ಬದಲಾವಣೆಯನ್ನು ಕುರಿತ ವಿಚಾರ ಸಂಕಿರಣವೊಂದಕ್ಕೆ ಹೋಗಿದ್ದೆ. ತೆರೆಯ ಮೇಲೆ ದೇಶಕ್ಕೊಂದರಂತೆ ಬಣ್ಣದ ಗುಳ್ಳೆಗಳು ಮೂಡಿದವು. ಚೀನಾದ್ದು ದೈತ್ಯಗಾತ್ರ, ಅಮೆರಿಕದ್ದು ಎರಡನೆಯದು, ಮೂರನೆಯದು ಭಾರತದ್ದು. ‘ಹೊಗೆ ಉಗುಳುವುದರಲ್ಲಿ ನಾವೂ ದೊಡ್ಡವರೇ’ ಎಂದರು ಉಪನ್ಯಾಸಕರು. ಸಭೆ ತಲೆದೂಗಿತು. ಪಕ್ಕದಲ್ಲಿದ್ದ ಹಿರಿಯ ಕೃಷಿಕರೊಬ್ಬರು ಮಾತ್ರ ‘ಈ ಗುಳ್ಳೆ ಊದಿದವರು ಯಾರು ಮಾರಾಯರೇ?’ ಎಂದು ಮೆಲ್ಲಗೆ ಕೇಳಿದರು. ಅಂದಿನ ಸಭೆಯಲ್ಲಿ ಕೇಳಿಬಂದ ಅತ್ಯಂತ ವೈಜ್ಞಾನಿಕ ಪ್ರಶ್ನೆ ಅದೇ ಎಂದು ನನ್ನ ಭಾವನೆ.

ಬಬಲ್ ಚಾರ್ಟ್ ಎನ್ನಲಾಗುವ ಈ ಗುಳ್ಳೆನಕ್ಷೆ ಒಂದೇ ಹಾಳೆಯಲ್ಲಿ ಮೂರು ಸಂಗತಿಗಳನ್ನು ಹೇಳಬಲ್ಲದು: ಅಡ್ಡ ಅಕ್ಷದಲ್ಲೊಂದು, ಲಂಬ ಅಕ್ಷದಲ್ಲೊಂದು, ಗುಳ್ಳೆಯ ಗಾತ್ರದಲ್ಲಿ ಮತ್ತೊಂದು. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ 2006ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಕುಟುಂಬದ ಗಾತ್ರ, ಆಯುಷ್ಯ, ಜನಸಂಖ್ಯೆ ಈ ಮೂರನ್ನೂ ಚಲಿಸುವ ಗುಳ್ಳೆಗಳಲ್ಲಿ ತೋರಿಸಿ, ಬಡದೇಶಗಳ ಬಗ್ಗೆ ಶ್ರೀಮಂತ ದೇಶಗಳಿಗಿದ್ದ ಹಳೆಯ ಪೂರ್ವಗ್ರಹವನ್ನು ಅಲುಗಾಡಿಸಿದರು. ಸಾಧನ ಒಳ್ಳೆಯದೇ. ಆದರೆ ಕಣ್ಣು ಮೊದಲು ಹೋಗುವುದು ಗಾತ್ರದತ್ತ. ಅಕ್ಷಗಳನ್ನು ಓದುವವರು ವಿರಳ.

ಆ ದಿನ ಗಾತ್ರವಾಗಿದ್ದುದು ದೇಶದ ಒಟ್ಟು ಇಂಗಾಲದ ಡೈಆಕ್ಸೈಡ್. ತಲಾವಾರು ಲೆಕ್ಕವನ್ನು ಗಾತ್ರವಾಗಿಸಿದ್ದರೆ? ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್, ಚೀನೀಯನದು 8ರ ಆಸುಪಾಸು, ಅಮೆರಿಕದವನದು 14ಕ್ಕೂ ಮೇಲೆ. ನಮ್ಮ ಗುಳ್ಳೆ ಕಾಳುಮೆಣಸಿನಷ್ಟಾಗುತ್ತಿತ್ತು. ಎರಡೂ ಚಿತ್ರಗಳು ಸತ್ಯವೇ, ಆದರೆ ಬೊಟ್ಟು ಮಾಡುವುದು ಬೇರೆ ಬೇರೆಯವರತ್ತ. (ಆ 2 ಟನ್ನಿನೊಳಗೂ ಹವಾನಿಯಂತ್ರಿತ ಮಹಲಿನವನನ್ನೂ ಸೌದೆ ಒಲೆಯವಳನ್ನೂ ಒಟ್ಟಿಗೆ ಅಡಗಿಸಿಟ್ಟಿದ್ದೇವೆ ಎಂಬುದನ್ನು ಮರೆಯಬಾರದು.)

ಇನ್ನೊಂದು ಮೋಸ ಜ್ಯಾಮಿತಿಯದು. ಚೀನಾದ ಒಟ್ಟು ಹೊರಸೂಸುವಿಕೆ ಭಾರತದ್ದರ ಸುಮಾರು ನಾಲ್ಕು ಪಟ್ಟು. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟಾಗಬೇಕಾದರೆ ವ್ಯಾಸ ಎರಡು ಪಟ್ಟಾದರೆ ಸಾಕು. ವ್ಯಾಸವನ್ನೇ ನಾಲ್ಕು ಪಟ್ಟು ಮಾಡಿದರೆ ವಿಸ್ತೀರ್ಣ ಹದಿನಾರು ಪಟ್ಟು ಹಿಗ್ಗುತ್ತದೆ. ಅವಸರದಲ್ಲಿ ಬರೆದ ನಕ್ಷೆಗಳಲ್ಲಿ ಈ ತಪ್ಪು ಸಾಮಾನ್ಯ.

ಮಲೆನಾಡಿನವರಾದ ನಮಗೆ ಇದು ದೂರದ ಮಾತಲ್ಲ. ರಾಜ್ಯದ ವಿದ್ಯುದಾಗಾರಗಳನ್ನು ಮೆಗಾವ್ಯಾಟಿನ ಗುಳ್ಳೆಗಳಾಗಿ ಬರೆದರೆ 1035 ಮೆಗಾವ್ಯಾಟಿನ ಶರಾವತಿ ಹೆಮ್ಮೆಯಿಂದ ಉಬ್ಬಿ ನಿಲ್ಲುತ್ತದೆ. ಮುಳುಗಿದ ನೆಲವನ್ನೇ ಗಾತ್ರವಾಗಿಸಿದರೂ ಅದು ದೊಡ್ಡದೇ: 1964ರ ಲಿಂಗನಮಕ್ಕಿ ಜಲಾಶಯ ಆವರಿಸಿರುವುದು 300 ಚದರ ಕಿಲೋಮೀಟರಿಗೂ ಹೆಚ್ಚು ಭೂಮಿಯನ್ನು. ಗುಳ್ಳೆ ಒಂದೇ, ಅರ್ಥ ಮಾತ್ರ ತಿರುವುಮುರುವು. ಆದರೆ ಈ ಎರಡನೆಯ ಚಿತ್ರವನ್ನು ಯಾವ ಯೋಜನಾ ವರದಿಯ ಮುಖಪುಟದಲ್ಲೂ ನಾನು ಕಂಡಿಲ್ಲ.

ಮುಳುಗಡೆಯಿಂದ ಎದ್ದುಹೋದ ಕುಟುಂಬಗಳಲ್ಲಿ ಅನೇಕರು ಅರ್ಧ ಶತಮಾನ ಕಳೆದರೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯಬೇಕಾಯಿತು. ಆ ಅಲೆದಾಟಕ್ಕೆ ಕೋಷ್ಟಕದಲ್ಲಿ ಕಲಮೇ ಇಲ್ಲ; ಅಂಕಿಯಿಲ್ಲದ ಕಡೆ ಗುಳ್ಳೆ ಏಳುವುದಿಲ್ಲ. ಆದ್ದರಿಂದ ನಕ್ಷೆ ಬರೆದವರನ್ನು ಬೈದು ಸುಮ್ಮನಾಗುವ ಬದಲು ಕೋಷ್ಟಕವನ್ನು ನಾವೇ ತುಂಬುವುದು ಲೇಸು. ಬಿಟ್ಟ ಊರು, ಬಿಟ್ಟ ವರ್ಷ, ಕಳೆದುಕೊಂಡ ಗದ್ದೆ ತೋಟಗಳ ಎಕರೆ, ಹಕ್ಕುಪತ್ರ ಬಂತೇ, ಬಂದರೆ ಯಾವಾಗ: ಇಷ್ಟನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು. ಅಡ್ಡ ಅಕ್ಷದಲ್ಲಿ ಎದ್ದ ವರ್ಷ, ಲಂಬ ಅಕ್ಷದಲ್ಲಿ ಎಕರೆ, ಗಾತ್ರದಲ್ಲಿ ಕಾದ ವರ್ಷಗಳು. ಮುಂದಿನ ಸಾರ್ವಜನಿಕ ಅಹವಾಲಿನಲ್ಲಿ ಅವರ ಚಿತ್ರದ ಪಕ್ಕದಲ್ಲೇ ಇದನ್ನೂ ತೂಗುಹಾಕಲು ಅನುಮತಿ ಕೇಳೋಣ.