ಹಡಗು ನೀರಿಗಿಳಿಸಿದವರನ್ನು ಬೀದಿಗಿಳಿಸಬೇಡಿ!

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ತುಳು-ಕನ್ನಡ ಬಂಧುಗಳೇ,

2025ರ ಜನವರಿ 15ರಂದು ಮುಂಬಯಿಯಲ್ಲಿ ಪ್ರಧಾನಿಯವರು ಒಂದೇ ದಿನ ಸೂರತ್, ನೀಲಗಿರಿ, ವಾಗ್‌ಶೀರ್ ಎಂಬ ಮೂರನ್ನು ನೌಕಾಪಡೆಗೆ ಸೇರಿಸಿದರು. ಎರಡು ಯುದ್ಧನೌಕೆ, ಒಂದು ಜಲಾಂತರ್ಗಾಮಿ. ಮೂರೂ ಕಟ್ಟಿದ್ದು ಮಝಗಾಂವ್ ಡಾಕ್‌ನಲ್ಲಿ. ಭಾಷಣವಾಯಿತು, ಬ್ಯಾಂಡ್ ಆಯಿತು. ಆ ಉಕ್ಕು ಬೆಸೆದವರು ಯಾರು? ನಸುಕಿಗೇ ಡಬ್ಬಿ ಕಟ್ಟಿಕೊಂಡು ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಿಸಿ, ಡಾಕ್‌ಯಾರ್ಡ್ ರೋಡಿನಲ್ಲಿ ಇಳಿಯುವ ನಮ್ಮ ನಿಮ್ಮ ಮನೆಯ ಹುಡುಗರು. ಅವರಲ್ಲಿ ಬಹಳ ಮಂದಿಯ ಕೆಲಸ ಕಾಯಂ ಅಲ್ಲ. ಕಂಪನಿಯೇ ಹೊರಡಿಸುವ ನೇಮಕಾತಿ ಪ್ರಕಟಣೆ ಓದಿ ನೋಡಿ: ಮೊದಲು ಮೂರು ವರ್ಷ, ಬೇಕೆನಿಸಿದರೆ ಇನ್ನೊಂದು, ಮತ್ತೂ ಬೇಕೆನಿಸಿದರೆ ಮತ್ತೊಂದು. ಅಲ್ಲಿಗೆ ಮುಗಿಯಿತು.

ಐದೇ ವರ್ಷ! ಜಲಾಂತರ್ಗಾಮಿಯ ಒಡಲಿನ ವೆಲ್ಡಿಂಗ್ ಎಂದರೆ ಕಿಟಕಿಗೆ ಗ್ರಿಲ್ ಹಾಕುವ ಕೆಲಸವಲ್ಲ. ಇಲೆಕ್ಟ್ರೋಡಿಗೆ ತೇವ ತಾಗದಂತೆ ಓವನ್ನಿನಲ್ಲಿ ಕಾಯಿಸಿ ಇಡಬೇಕು. ದಪ್ಪ ಉಕ್ಕಿನ ಪ್ಲೇಟು ಹದವಾಗಿ ಬಿಸಿಯಾದ ಮೇಲೆಯೇ ಆರ್ಕ್ ಹಚ್ಚಬೇಕು. ಆ ಕಾವಿನ ಪಕ್ಕದಲ್ಲೇ ಮಂಡಿಯೂರಿ, ಕೆಲವೊಮ್ಮೆ ಅಂಗಾತ ಮಲಗಿ, ಪದರದ ಮೇಲೆ ಪದರ ಕೂರಿಸಬೇಕು. ಆಮೇಲೆ ಎಕ್ಸ್‌ರೇ. ಅದರಲ್ಲಿ ಚೂರು ಪೊಳ್ಳು ಕಂಡರೂ ಗ್ರೈಂಡ್ ಮಾಡಿ ತೆಗೆದು ಮತ್ತೆ ಮೊದಲಿನಿಂದ ಬೆಸೆಯಬೇಕು. ಸಮುದ್ರದಡಿ ನಲವತ್ತಕ್ಕೂ ಹೆಚ್ಚು ನಾವಿಕರ ಜೀವ ನಿಂತಿರುವುದು ಆ ಬೆಸುಗೆಯ ಮೇಲೆ. ಇಂಥ ಕೆಲಸ ಕೈಗೆ ಹತ್ತುವ ಹೊತ್ತಿಗೆ ಹುಡುಗನ ಗೇಟ್‌ಪಾಸ್ ಮುಗಿದಿರುತ್ತದೆ!

ಈ ಅನ್ಯಾಯ ಇವತ್ತಿನದಲ್ಲ, ಮತ್ತು ಇದರಿಂದ ನಷ್ಟ ಕಾರ್ಮಿಕನಿಗೆ ಮಾತ್ರವಲ್ಲ. 1992ರಲ್ಲಿ ಇದೇ ಮಝಗಾಂವ್ ಭಾರತದಲ್ಲಿ ಕಟ್ಟಿದ ಮೊದಲ ಜಲಾಂತರ್ಗಾಮಿ ಶಾಲ್ಕಿಯನ್ನು ಕೊಟ್ಟಿತು, 1994ರಲ್ಲಿ ಶಂಕುಲ್ ಬಂತು. ಇವುಗಳ ಹಿಂದಿದ್ದ ಜರ್ಮನ್ ಒಪ್ಪಂದಕ್ಕೆ ಲಂಚದ ಆರೋಪ ಅಂಟಿಕೊಂಡಿತು, ಮುಂದಿನ ಆರ್ಡರ್ ಬರಲಿಲ್ಲ. ತಿಂದವರು ಯಾರೋ, ಕೆಲಸ ಕಳೆದುಕೊಂಡವರು ಯಾರೋ. ಕಲಿತ ಕೈಗಳು ಚದುರಿದವು. 2005ರಲ್ಲಿ ಫ್ರೆಂಚರ ಸ್ಕಾರ್ಪೀನ್ ಒಪ್ಪಂದಕ್ಕೆ ಸಹಿ ಬಿದ್ದಾಗ ಮತ್ತೆ ಅ ಆ ಇ ಈಯಿಂದ ಕಲಿಯಬೇಕಾಯಿತು. 2012ಕ್ಕೆ ಬರಬೇಕಿದ್ದ ಕಲ್ವರಿ ಬಂದದ್ದು 2017ರ ಡಿಸೆಂಬರಿನಲ್ಲಿ. ತಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕಲಿತವರನ್ನು ಕಳೆದುಕೊಂಡ ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಗ ಸ್ಕಾರ್ಪೀನ್ ಸಾಲಿನ ಆರನೆಯದಾದ ವಾಗ್‌ಶೀರ್ ಹೊರಬಿದ್ದಾಗಿದೆ. 75(ಐ) ಎಂಬ ಯೋಜನೆಯ ಮುಂದಿನ ಆರು ಜಲಾಂತರ್ಗಾಮಿಗಳಿಗೆ ದರದ ಮಾತುಕತೆ ಶುರುವಾದದ್ದೇ 2025ರ ಸೆಪ್ಟೆಂಬರಿನಲ್ಲಿ. ನಡುವಿನ ಈ ಖಾಲಿ ಹೊತ್ತಿನಲ್ಲಿ ಮತ್ತೆ ಅದೇ ಕೈಗಳನ್ನು ಹೊರದಬ್ಬುತ್ತೀರಾ?

“ಬೇಡಿಕೆ ಬದಲಾಗಿದೆ” ಎನ್ನುತ್ತಾರೆ. ಬದಲಾಗಿದೆ, ಒಪ್ಪುತ್ತೇವೆ. ಡೆನ್ಮಾರ್ಕಿನ ಕಂಪನಿಯಿಂದ ಮಝಗಾಂವ್‌ಗೆ 7,500 ಟನ್ನಿನ ಸರಕುಹಡಗುಗಳ ಆರ್ಡರ್ ಬಂದಿದೆ. ಅಮೆರಿಕದ ನೌಕಾಪಡೆಯ ಹಡಗುಗಳ ರಿಪೇರಿಗೆ 2023ರಲ್ಲಿ ಒಪ್ಪಂದವಾಗಿದೆ. ಹಡಗು ಕಟ್ಟುವ ಉದ್ಯಮಕ್ಕೆಂದು ಕೇಂದ್ರ ಸಂಪುಟ 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅಂದ ಮೇಲೆ ಬೇಡಿಕೆ ಬದಲಾದದ್ದು ಜನರನ್ನು ಉಳಿಸಿಕೊಳ್ಳಲು ಕಾರಣವಾಗಬೇಕೇ ಹೊರತು ಕಳಿಸಲು ಅಲ್ಲ!

ನಮ್ಮೂರಿನ ಮಲ್ಪೆಯನ್ನೇ ನೋಡಿ. ದಿವಾಳಿಯಾಗಿದ್ದ ಟೆಬ್ಮಾ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ಇವತ್ತು ಅದೇ ಜಾಗದಲ್ಲಿ ಟಗ್‌ಗಳೂ ನಾರ್ವೆಯ ವಿಲ್ಸನ್ ಕಂಪನಿಗೆ ಸರಕುಹಡಗುಗಳೂ ತಯಾರಾಗುತ್ತಿವೆ. ಭಾರತಿ ಶಿಪ್‌ಯಾರ್ಡಿನ ಗತಿಯನ್ನೂ ನೋಡಿ. ಇಲ್ಲಿ ಥಾಣೆಯ ಘೋಡ್‌ಬಂದರಿನಲ್ಲೂ ಅಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲೂ ಅದರ ಯಾರ್ಡುಗಳಿದ್ದವು. ತೈಲ ಕಂಪನಿಗಳ ಹಡಗುಗಳ ಆರ್ಡರ್ ಬತ್ತಿ, ಸಾಲ ಮೈಮೇಲೆ ಬಂದು, 2019ರಲ್ಲಿ ಕಂಪನಿಯನ್ನು ಮಾರಿ ಮುಗಿಸುವ ಆದೇಶವಾಯಿತು. ಸಾಲ ಕೊಟ್ಟ ಬ್ಯಾಂಕುಗಳ ಲೆಕ್ಕವನ್ನು ಎಲ್ಲರೂ ಬರೆದರು. ಅಲ್ಲಿ ದುಡಿದ ಫಿಟ್ಟರು, ರಿಗ್ಗರುಗಳ ಲೆಕ್ಕ ಬರೆದವರುಂಟೇ?

“ಎಲ್ಲರನ್ನೂ ಕಾಯಂ ಮಾಡಿದರೆ ಕಂಪನಿ ಮುಳುಗುತ್ತದೆ” ಎಂಬ ಪಂಡಿತರೂ ಇದ್ದಾರೆ. 2024ರಲ್ಲಿ ನವರತ್ನ ಪಟ್ಟ ಪಡೆದ ಮಝಗಾಂವ್ ಡಾಕ್, 2024-25ರಲ್ಲಿ ಎರಡು ಸಾವಿರ ಕೋಟಿ ಮೀರಿದ ಲಾಭ, ಕೊಲಂಬೊ ಡಾಕ್‌ಯಾರ್ಡಿನ ಪಾಲು ಕೊಳ್ಳಲು ದುಡ್ಡು. ಇಂಥದ್ದು ಒಬ್ಬ ವೆಲ್ಡರನ ಪಿಎಫ್ ಭಾರಕ್ಕೆ ಮುಳುಗುತ್ತದಂತೆ! “ಯಂತ್ರ ಬರುತ್ತದೆ” ಎನ್ನುವವರು ಮೊದಲು ಮೇ ತಿಂಗಳ ಮಧ್ಯಾಹ್ನ ಹಡಗಿನ ತಳದ ಟ್ಯಾಂಕಿನೊಳಗೆ ತಾವೇ ಇಳಿದು ಬರಲಿ, ಆಮೇಲೆ ಯಂತ್ರದ ಮಾತಾಡೋಣ.

ಇನ್ನು ಯೂನಿಯನ್ನಿನವರು. ಕಾಯಂ ನೌಕರರ ವೇತನ ಪರಿಷ್ಕರಣೆಗೆ ಗೇಟಿನಲ್ಲಿ ಗಂಟಲು ಹರಿಯುವ ನಾಯಕರೇ, ಪಕ್ಕದಲ್ಲೇ ಅದೇ ಉಕ್ಕು ಬೆಸೆಯುವ ಗುತ್ತಿಗೆಯವನು ನಿಮ್ಮ ಕಣ್ಣಿಗೆ ಕಾರ್ಮಿಕನಲ್ಲವೇ? ನಿಮ್ಮ ನಿಮ್ಮ ಬಾವುಟದ ಜಗಳದಲ್ಲಿ ಅವನ ಐದು ವರ್ಷ ಕಳೆದುಹೋಯಿತು. ನಮ್ಮ ಸಂಘಗಳೂ ಕಡಿಮೆಯಲ್ಲ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ, ಸನ್ಮಾನಕ್ಕೆ ಸಭಾಂಗಣ ತುಂಬಿಸುತ್ತೀರಿ. ಕೆಲಸ ಹೋದ ಹುಡುಗ ಬಾಗಿಲಿಗೆ ಬಂದರೆ “ಹೋಟೆಲಿನಲ್ಲಿ ನೋಡೋಣ” ಎನ್ನುತ್ತೀರಿ. ಐಟಿಐ ಓದಿ, ಅಪ್ರೆಂಟಿಸ್ ಮುಗಿಸಿ, ಯುದ್ಧನೌಕೆ ಕಟ್ಟಿದವನಿಗೆ ನಾವು ತೋರಿಸುವ ದಾರಿ ಇಷ್ಟೇನಾ?

ದಾರಿ ಇದೆ. ನವಿ ಮುಂಬಯಿಯ ಮಗ್ಗುಲಲ್ಲೇ ನ್ಹಾವಾದಲ್ಲಿ ಮಝಗಾಂವ್ ಡಾಕ್‌ಗೆ ಯಾರ್ಡಿದೆ. ಉರಣ್‌ಗೆ ಲೋಕಲ್ ಬಂದಿದೆ. ಅಟಲ್ ಸೇತುವೂ ಆಗಿದೆ. ಅದರ ಮೇಲೆ ಕಾರಿಗೆ ದಾರಿಯುಂಟು, ಕಾರ್ಮಿಕನ ಬೈಕಿಗಿಲ್ಲ! ಸರಕುಹಡಗಿನ ಕೆಲಸ, ರಿಪೇರಿ ಕೆಲಸ ನ್ಹಾವಾ ಯಾರ್ಡಿಗೆ ಬರಲಿ. ಜಲಾಂತರ್ಗಾಮಿಯ ಆರ್ಡರ್ ಬರುವವರೆಗೆ ಪಳಗಿದವರು ಅಲ್ಲಿ ದುಡಿಯಲಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಲೋಕಲ್ ಗಾಡಿಯಿಂದ ಬಿದ್ದು ಸತ್ತವರನ್ನು ಮರೆತಿಲ್ಲವಷ್ಟೇ? ಮನೆ ಹತ್ತಿರ ಕೆಲಸ ಬಂದರೆ ಬಾಗಿಲಿಗೆ ನೇತಾಡುವ ಒಂದಿಷ್ಟು ಜೀವಗಳಾದರೂ ಉಳಿದಾವು. ಇದನ್ನು ಹೇಗೆ ಮಾಡಬೇಕೆಂದು ಲೆಕ್ಕ ಹಾಕಲು ಸಂಬಳ ಪಡೆಯುವ ಅಧಿಕಾರಿಗಳಿದ್ದಾರೆ, ಅವರು ಹಾಕಲಿ. ಮಾಡಲೇಬೇಕು ಎನ್ನುವುದು ನಮ್ಮ ಮಾತು.

ಬಜೆಟ್ ಅಧಿವೇಶನ ಶುರುವಾಗುವ ಮೊದಲು ಕಲ್ಯಾಣ, ಥಾಣೆ, ಮಾವಳ ಕ್ಷೇತ್ರಗಳ ಮೂವರು ಸಂಸದರ ಕೈಗೂ ನಮ್ಮ ಮನವಿ ಸೇರಬೇಕು. ಡೊಂಬಿವಲಿ, ಕಲ್ಯಾಣ, ಥಾಣೆ, ವಾಶಿ ಸ್ಟೇಶನ್ನುಗಳ ಹೊರಗೆ ಭಾನುವಾರ ಬೆಳಿಗ್ಗೆ ನಮ್ಮವರು ಸಹಿ ಪುಸ್ತಕ ಹಿಡಿದು ನಿಂತಿರುತ್ತಾರೆ. ಬನ್ನಿ, ಸಹಿ ಹಾಕಿ. ಈ ಕರಪತ್ರ ಓದಿ ಮಡಚಿ ಜೇಬಿಗಿಡಬೇಡಿ, ಪಕ್ಕದ ಸೀಟಿನವರ ಕೈಗೆ ಕೊಡಿ.

— ಹಡಗು ಕಟ್ಟುವವರ ಮನೆಯವರು